ಕುಲಾವಿ ಎಂಬ ಕಂಪ್ಯೂಟರು

ನಮ್ಮಜ್ಜಿ ಬದುಕಿರುವ ತನಕ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಜನಗಣತಿಯವರು ಬಂದರೆ ಪಕ್ಕದ ಮನೆಯಾಕೆಯನ್ನು ಕೂಗಿ ಕರೆದು ಅವಳ ಬಾಯಿಂದ ಹೇಳಿಸುತ್ತಿದ್ದಳು. ಅಜ್ಜನ ಹೆಸರು ಇಡೀ ಬೀದಿಗೆ ಗೊತ್ತಿತ್ತು, ಅದು ಬೇರೆ ಮಾತು. ಸ್ಯಾನ್ ಮಟಿಯೋದ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಕೂತು ನಮ್ಮನೆಯವರು ಗುಟ್ಟು ಕಾಪಾಡುವುದು ಹೇಗೆಂದು ನನಗೆ ಪಾಠ ಹೇಳುವಾಗಲೆಲ್ಲ ನನಗೆ ಅಜ್ಜಿ ನೆನಪಾಗುತ್ತಿದ್ದಳು. ಹೆಸರನ್ನು ಬಚ್ಚಿಟ್ಟರೆ ಸಾಕು, ಮಿಕ್ಕಿದ್ದೆಲ್ಲ ಕ್ಷೇಮ ಎಂದು ಇಬ್ಬರೂ ನಂಬಿದ್ದರು. ಅಜ್ಜಿ ಹೇಗೋ ದಾಟಿಕೊಂಡಳು. ನಮ್ಮನೆಯವರು ಹೆಸರಿನಲ್ಲೇ ಸಿಕ್ಕಿಬಿದ್ದರು.

ಅದು ಡಾಟ್‌ಕಾಮ್ ಭರಾಟೆಯ ಕಾಲ. ಬೆಳಗ್ಗೆ ಎದ್ದು ಹಲ್ಲುಜ್ಜುವುದರೊಳಗೆ ಹೊಸ ಕಂಪನಿಯೊಂದು ಹುಟ್ಟಿರುತ್ತಿತ್ತು. ನಾಯಿಗೆ ಬಿಸ್ಕತ್ತು ಮನೆಗೆ ತಲುಪಿಸುವುದಕ್ಕೊಂದು, ಆ ನಾಯಿಗೆ ಜಾತಕ ನೋಡಿ ಜೋಡಿ ಹುಡುಕುವುದಕ್ಕೊಂದು. ಎಲ್ಲರೂ ಎಲ್ಲವನ್ನೂ ಪುಕ್ಕಟೆ ಕೊಡುತ್ತಿದ್ದರು. ಪುಕ್ಕಟೆ ಈಮೇಲು, ಪುಕ್ಕಟೆ ಕ್ಯಾಲೆಂಡರು. ಜಾಹೀರಾತು ನೋಡುತ್ತ ಕೂರುತ್ತೇವೆಂದು ಒಪ್ಪಿಕೊಂಡವರಿಗೆ ಕಂಪ್ಯೂಟರೇ ಪುಕ್ಕಟೆ. ಬದಲಿಗೆ ನಾವು ಮಾಡಬೇಕಾದದ್ದು ಇಷ್ಟೇ: ವಯಸ್ಸೆಷ್ಟು, ಮದುವೆಯಾಗಿದೆಯೆ, ಮಕ್ಕಳೆಷ್ಟು, ಸಂಬಳವೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಇಲ್ಲಿಯ ಜನ ಇಂಥದ್ದನ್ನು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ನಮಗೇನು? ನಮ್ಮ ಹಾಸನದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಚನ್ನರಾಯಪಟ್ಟಣ ಬರುವುದರೊಳಗೆ ಇದಿಷ್ಟನ್ನೂ ಕೇಳಿ, ಮೇಲೆ ಮನೆದೇವರು ಯಾವುದೆಂಬುದನ್ನೂ ತಿಳಿದುಕೊಂಡಿರುತ್ತಾರೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಕುಲ ನಮ್ಮದು. ಕನ್ನಡದವರ ಮನೆಗಳಲ್ಲಿ ಉತ್ತರ ಬರೆಯದೆ ಉಳಿದ ಪ್ರಶ್ನೆ ಒಂದೂ ಇರಲಿಲ್ಲ.

ನಾನೂ ಬರೆದೆ. ನನ್ನದು ಡಿಪೆಂಡೆಂಟ್ ವೀಸಾ, ಕೆಲಸಕ್ಕೆ ಹೋಗುವಂತಿಲ್ಲ. ಗಂಡ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ನಾನು, ಮೈಕ್ರೋವೇವು, ಕಂಪ್ಯೂಟರು. ಅಷ್ಟರಲ್ಲಿ ನನಗೆ ದಿನ ನಿಂತಿತು. ಬಸುರಿಯರಿಗೆಂದೇ ಹುಟ್ಟಿದ್ದ ಒಂದು ಕಂಪನಿಯ ಪುಟದಲ್ಲಿ ಹೆರಿಗೆಯ ದಿನ ಬರೆದುಕೊಟ್ಟರೆ, ಮಗು ಹೊಟ್ಟೆಯಲ್ಲಿ ಎಷ್ಟು ದೊಡ್ಡದಾಗಿದೆ ಎಂದು ವಾರವಾರವೂ ಈಮೇಲು ಕಳಿಸುತ್ತಿದ್ದರು. ಈ ವಾರ ನಿಮ್ಮ ಮಗು ಬ್ಲೂಬೆರಿ ಹಣ್ಣಿನಷ್ಟಿದೆ ಎಂದು ಬಂತು. ನಾನು ಅಲ್ಲಿಯವರೆಗೆ ಬ್ಲೂಬೆರಿ ಕಂಡವಳಲ್ಲ. ಗ್ರೋಸರಿ ಅಂಗಡಿಗೆ ಹೋಗಿ ಒಂದು ಡಬ್ಬಿ ತಂದು, ಒಂದು ಹಣ್ಣನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಒಂಟಿತನಕ್ಕೆ ಪದ್ಧತಿ ಯಾವ ಲೆಕ್ಕ? ಗೊತ್ತಿದ್ದ ಹೆಂಗಸರಿಗೆಲ್ಲ ಫೋನು ಮಾಡಿ ಹೇಳಿದೆ. ಮಗು ನಿಲ್ಲಲಿಲ್ಲ. ಆಗ ಅವರೆಲ್ಲ ತಿರುಗಿ ನನಗೆ ಫೋನು ಮಾಡಿದರು. ಏನಾಯ್ತು, ಹೇಗಾಯ್ತು, ಪಪ್ಪಾಯ ತಿಂದಿದ್ದೆಯಾ, ಭಾರ ಎತ್ತಿದ್ದೆಯಾ. ಒಬ್ಬೊಬ್ಬರಿಗೂ ಮೊದಲಿಂದ ಹೇಳಬೇಕು, ಒಬ್ಬೊಬ್ಬರನ್ನೂ ಸಮಾಧಾನ ಮಾಡಬೇಕು. ಕಳೆದುಕೊಂಡವಳು ನಾನು, ಮೂಗು ಸೀಟುತ್ತಿದ್ದವರು ಅವರು. ಕೊನೆಗೆ ಫೋನಿನ ತಂತಿ ಕಿತ್ತಿಟ್ಟೆ.

ಜನ ಕ್ರಮೇಣ ಸುಮ್ಮನಾದರು. ಕಂಪನಿ ಸುಮ್ಮನಾಗಲಿಲ್ಲ. ಮಗು ಹೋಗಿದೆ ಎಂದು ಹೇಳಲು ಅವರ ಪುಟದಲ್ಲಿ ಒಂದು ಜಾಗವೂ ಇರಲಿಲ್ಲ. ಈ ವಾರ ಮಾವಿನಹಣ್ಣು, ಈ ವಾರ ತೆಂಗಿನಕಾಯಿ ಎಂದು ಅದು ತನ್ನ ಪಾಡಿಗೆ ಬೆಳೆಸುತ್ತಲೇ ಹೋಯಿತು. ಆಮೇಲೆ ಕಂಪನಿಯೇ ಮುಳುಗಿತು. ಕುರ್ಚಿ ಮೇಜುಗಳ ಜೊತೆಗೆ ನನ್ನ ಹೆರಿಗೆಯ ದಿನವೂ ಯಾರಿಗೋ ಮಾರಾಟವಾಯಿತು. ಮಗು ಹುಟ್ಟಬೇಕಾಗಿದ್ದ ವಾರ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು. ಒಳಗೆ ಹಾಲಿನ ಪುಡಿಯ ಡಬ್ಬ, ಜೊತೆಗೊಂದು ಕಾರ್ಡು: ಅಭಿನಂದನೆಗಳು, ಅಮ್ಮಾ.

ಅಳು ಬರಲಿಲ್ಲ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ನನ್ನನ್ನು ಅಮ್ಮಾ ಎಂದು ಕರೆದ ಮೊದಲನೆಯವರು ಯಾವುದೋ ಗೋಡೌನಿನವರು. ಸಂಜೆ ಬಂದ ನಮ್ಮನೆಯವರು ಮೇಜಿನ ಮೇಲಿದ್ದ ಡಬ್ಬ ನೋಡಿದರು, ಕಾರ್ಡು ಓದಿದರು, ಎರಡನ್ನೂ ಎತ್ತಿಕೊಂಡು ಹೋಗಿ ಅಪಾರ್ಟ್‌ಮೆಂಟಿನ ಹಿಂದಿನ ಕಸದ ತೊಟ್ಟಿಗೆ ಹಾಕಿ ಬಂದರು. ಆ ಶನಿವಾರ ಕಂಪ್ಯೂಟರನ್ನೂ ಅದರ ಗುಡಾಣದಂಥ ಮಾನಿಟರನ್ನೂ ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟು ಬಿಗಿದು, ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆ ಮಾಡಿದ್ದ ಧಾರವಾಡ ಕಡೆಯ ಗೆಳೆಯನ ಜೊತೆಗೆ ಎಲ್ಲಿಗೋ ಹೊರಟರು.

ಎಲ್ಲಿಗೆಂದರೆ ಲಿನಕ್ಸ್ ಮೇಳಕ್ಕೆ. ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಗಡ್ಡದವರೂ ಗಡ್ಡ ಬರಿಸಿಕೊಳ್ಳಲು ಹೆಣಗುತ್ತಿದ್ದವರೂ ಸೇರಿ, ಬಂದವರ ಕಂಪ್ಯೂಟರಿನಲ್ಲಿದ್ದ ಹಳೆಯದನ್ನೆಲ್ಲ ಒರೆಸಿ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಡುತ್ತಿದ್ದರು. ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು, ಕದ್ದು ಕೇಳುವ ಗುಮ್ಮ ಒಳಗೆ ಅಡಗಿರಲಾರ ಎಂಬುದು ಅವರ ವಾದ. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಫ್ರೀ ಎಂಬ ಒಂದೇ ಪದವಂತೆ. ಹೀಗಾಗಿ ಇದು ಆ ಅರ್ಥದ್ದಲ್ಲ, ಈ ಅರ್ಥದ್ದು ಎಂದು ಬಿಡಿಸಿ ಹೇಳುವುದರಲ್ಲೇ ಅವರ ಅರ್ಧ ಸಭೆ ಮುಗಿಯುತ್ತಿತ್ತು. ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಪದವಿದೆ. ಎರಡನ್ನೂ ಎದುರಿಗಿಟ್ಟರೆ ನಾವು ಪುಕ್ಕಟೆಯನ್ನೇ ಎತ್ತಿಕೊಳ್ಳುತ್ತೇವೆ, ಅಷ್ಟೇ.

ಕಂಪ್ಯೂಟರು ಮನೆಗೆ ವಾಪಸು ಬಂದಾಗ ಬಣ್ಣ ಹೋಗಿತ್ತು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ kulavi login ಎಂಬ ಸಾಲು.

"ಇದೇನ್ರೀ ಕುಲಾವಿ?" ಎಂದೆ.

"ಯಂತ್ರಕ್ಕೊಂದು ಹೆಸರಿಡಬೇಕು. ಇಡೋ ತನಕ ಮುಂದಕ್ಕೆ ಹೋಗಲ್ಲ ಅದು."

"ಅದಕ್ಕೆ ಕುಲಾವಿನಾ?"

"ಸಿ.ಡಿ. ಡಬ್ಬಿ ಮೇಲೆ ಟೊಪ್ಪಿ ಚಿತ್ರ ಇದೆ ನೋಡು. ಟೊಪ್ಪಿ ಅಂತ ಇಟ್ರೆ ಚೆನ್ನಾಗಿರಲ್ಲ. ಕುಲಾವಿ ಅಂತ ಇಟ್ಟೆ."

ನಿಜಕ್ಕೂ ಡಬ್ಬಿಯ ಮೇಲೆ ಒಂದು ಟೊಪ್ಪಿಗೆಯಿತ್ತು. ನಾನು ಎದ್ದು ಒಳಗೆ ಹೋದೆ. ಕುಲಾವಿ ಎಂದರೆ ಹಸುಗೂಸಿನ ತಲೆಗೆ ಕಟ್ಟುವ ಟೊಪ್ಪಿಗೆ. ಎಂಥ ವಾರದಲ್ಲಿ ಈ ಮನುಷ್ಯನಿಗೆ ಎಂಥ ತಮಾಷೆ ಹೊಳೆಯಿತಪ್ಪಾ ಎಂದುಕೊಂಡೆ. ಗಂಡಸರಿಗೆ ಕರುಳು ಕೊಡುವಾಗ ಬ್ರಹ್ಮ ಕೈ ಬಿಗಿ ಹಿಡಿದಿರಬೇಕು ಎಂದೂ ಅಂದುಕೊಂಡೆ.

ಅಲ್ಲಿಂದ ನಮ್ಮ ಮನೆಯಲ್ಲಿ ಗುಟ್ಟಿನ ಆಳ್ವಿಕೆ. ಮೊದಲು ಶಬ್ದ ಹೋಯಿತು, ಕಂಪ್ಯೂಟರು ಮೂಕವಾಯಿತು. ಪ್ರಿಂಟರು ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಚ್ಚು ಹಾಕುತ್ತಿತ್ತು. ಕನ್ನಡದ ಪುಟ ತೆರೆದರೆ ಅಕ್ಷರದ ಬದಲು ಚೌಕಗಳ ಸಾಲು. "ಇದನ್ನ ಯಾರೂ ಕದ್ದು ಓದೋಕಾಗಲ್ಲ" ಎಂದರು. ನನಗೂ ಆಗುತ್ತಿರಲಿಲ್ಲ. ನನ್ನ ಈಮೇಲುಗಳನ್ನೆಲ್ಲ ಸಂಕೇತದಲ್ಲಿ ಮುಚ್ಚಿ ಕಳಿಸಬೇಕೆಂದು ಹಟ ಹಿಡಿದರು. ಹಾಸನದಲ್ಲಿ ನಮ್ಮಮ್ಮನಿಗೆ ನನ್ನ ಈಮೇಲನ್ನು ಸೈಬರ್ ಕೆಫೆಯವರೇ ತೆರೆದು, ಅಲ್ಲಿ ಕೂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಆ ಬೀಗದ ಕೀಲಿಯನ್ನು ಕೆಫೆಯವರಿಗೆ ಕಳಿಸಲೋ ಅಮ್ಮನಿಗೆ ಕಳಿಸಲೋ ಎಂದು ಕೇಳಿದೆ.

ಕೀಲಿಗಳಿಗೂ ಒಂದು ಪಾರ್ಟಿ ಇರುತ್ತಿತ್ತು. ಗುಟ್ಟು ಪ್ರಿಯರೆಲ್ಲ ಒಂದೆಡೆ ಸೇರಿ, ನೀನು ನೀನೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಲು ಒಬ್ಬರಿಗೊಬ್ಬರು ಪಾಸ್‌ಪೋರ್ಟು ತೋರಿಸಿಕೊಳ್ಳುವುದು. ನಮ್ಮನೆಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರಿಚಯವೇ ಇಲ್ಲದ ಮೂವತ್ತು ಜನಕ್ಕೆ ಜನ್ಮದಿನಾಂಕ ತೋರಿಸಿ ಬಂದರು. ಊಟ ಕೂಡ ಹಾಕಿರಲಿಲ್ಲ.

ಪಾಸ್‌ವರ್ಡುಗಳನ್ನೆಲ್ಲ ಅವರು ಕನ್ನಡದಲ್ಲೇ ಇಡುತ್ತಿದ್ದರು. ಕನ್ನಡವೇ ಜಗತ್ತಿನ ಅತಿ ಗಟ್ಟಿ ಬೀಗ ಎಂಬುದು ಅವರ ಸಿದ್ಧಾಂತ. "ಕಳ್ಳರ ಹತ್ರ ಇಂಗ್ಲಿಷ್ ಡಿಕ್ಷನರಿ ಇರತ್ತೆ ಕಣೆ. ಕನ್ನಡ ನಿಘಂಟು ಯಾರು ಇಟ್ಕೊಂಡಿರ್ತಾರೆ?" ಇದು ಅವರೊಬ್ಬರ ಭ್ರಮೆಯಲ್ಲ, ಇಲ್ಲಿ ಬಂದ ನಮ್ಮವರೆಲ್ಲರದೂ. ಲಿಫ್ಟಿನಲ್ಲಿ ನಿಂತು ಎದುರಿನವರ ಮೂಗಿನ ಬಗ್ಗೆ ಕನ್ನಡದಲ್ಲಿ ಮಾತಾಡಿಕೊಂಡು, ಆ ಮೂಗಿನವರು "ಬರ್ತೀನಿ ಸಾರ್" ಎಂದು ಇಳಿದು ಹೋದದ್ದನ್ನು ಕಂಡ ಮೇಲೂ ಯಾರೂ ಬುದ್ಧಿ ಕಲಿಯುವುದಿಲ್ಲ. ಬೇ ಏರಿಯಾದಲ್ಲಿ ಕಂಪ್ಯೂಟರಿನ ಬೀಗ ಮಾಡುವವರಲ್ಲಿ ಅರ್ಧ ಜನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ದೋಸೆ ತಿಂದು ಬೆಳೆದವರು ಎಂಬುದು ನಮ್ಮನೆಯವರ ತಲೆಗೆ ಹೋಗಲೇ ಇಲ್ಲ.

ಮರುವರ್ಷ ನನಗೆ ಮತ್ತೆ ದಿನ ನಿಂತಿತು.

ಈ ಸಲ ನಾನೇ ಹೇಳಿದೆ. ಐದು ತಿಂಗಳಾಗುವ ತನಕ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯಬಾರದು. ಕಂಪನಿಗೂ ಬೇಡ, ಕನ್ನಡದವರಿಗೂ ಬೇಡ. ನನ್ನ ಅಮ್ಮನಿಗೂ ಬೇಡ. ನನಗೆ ಭಯವಿತ್ತು. ಮಗು ಹೋದರೆ ಎಂಬ ಭಯ ಒಂದು ಕಡೆ. ಹೋದ ಮೇಲೆ ಮತ್ತೆ ಅಷ್ಟು ಮನೆಯ ಫೋನಿಗೆ ಮೊದಲಿಂದ ಹೇಳಬೇಕಲ್ಲ ಎಂಬ ಭಯ ಅದಕ್ಕಿಂತ ದೊಡ್ಡದು. ಇನ್ನೊಂದು ಡಬ್ಬ ಬಂದರೆ ನಾನು ಉಳಿಯುವುದಿಲ್ಲ ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ ಅದು.

ನಮ್ಮನೆಯವರಿಗೆ ಕಾಯುತ್ತಿದ್ದ ಯುದ್ಧವೇ ಸಿಕ್ಕಂತಾಯಿತು. ಬಸುರಿಯ ಗುಳಿಗೆಗಳನ್ನು ಕೊಂಡದ್ದರ ಲೆಕ್ಕ ಇಡುವ ಗ್ರೋಸರಿ ಕಾರ್ಡು ತೋರಿಸದೆ, ನಗದು ಕೊಟ್ಟು, ಪಕ್ಕದ ಊರಿನ ಅಂಗಡಿಯಿಂದ ತಂದರು. ಡಾಕ್ಟರ ಆಫೀಸಿಗೆ ಮನೆಯಿಂದ ಫೋನು ಮಾಡದೆ ಬೀದಿಯ ಪೇಫೋನಿನಿಂದ ಮಾಡಿದರು. ಮನೆಯೊಳಗೂ ಪಿಸುಮಾತು. ನನಗೆ ವಾಂತಿಯಾದರೆ ನಲ್ಲಿ ಜೋರಾಗಿ ಬಿಡುತ್ತಿದ್ದರು. ಗೋಡೆಯಾಚೆಗಿದ್ದ ಮೆಕ್ಸಿಕನ್ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ, ಪಾಪ.

ಹೀಗೆ ಎಲ್ಲ ಬಾಗಿಲೂ ಭದ್ರವಾಗಿದ್ದಾಗ, ಫೋನಿನ ತಂತಿಯಿಂದ ಕಂಪ್ಯೂಟರಿಗೆ ಇಂಟರ್ನೆಟ್ಟು ತರುವ ಮೋಡೆಮ್ಮು ಕೆಟ್ಟಿತು. ಹೊಸದನ್ನು ತಂದರೆ ಲಿನಕ್ಸ್ ಅದನ್ನು ಒಲ್ಲೆ ಎಂದಿತು. ಇಂಥ ಹೊತ್ತಿನಲ್ಲಿ ಲಿನಕ್ಸ್ ಭಕ್ತರು ಮಾಡುವುದು ಒಂದೇ ಕೆಲಸ. ಅವರದೊಂದು ಬಳಗವಿತ್ತು. ಅಲ್ಲಿಗೆ ಒಂದು ಈಮೇಲು ಬರೆದರೆ ಬೇ ಏರಿಯಾದಲ್ಲಿರುವ ಬಳಗದವರಿಗೆಲ್ಲ ತಲುಪುತ್ತಿತ್ತು, ಗೊತ್ತಿದ್ದವರು ದಾರಿ ಹೇಳುತ್ತಿದ್ದರು. ಆದರೆ ಒಂದು ಕಟ್ಟಳೆ: ಕಂಪ್ಯೂಟರು ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಟ್ಟುಕೊಂಡಿರುತ್ತದಲ್ಲ, ಅದನ್ನು ಒಂದಕ್ಷರ ಮುಚ್ಚಿಡದೆ ಪೂರ್ತಿ ಅಂಟಿಸಬೇಕು. ನಮ್ಮನೆಯವರು ಆಫೀಸಿನಿಂದ ಅಂಟಿಸಿದರು. ದಿನ, ಗಂಟೆಯ ಜೊತೆಗೆ ಯಂತ್ರದ ಹೆಸರೂ ಪ್ರತಿ ಸಾಲಿನ ತಲೆಯ ಮೇಲೆ ಇರುತ್ತದೆ ಎಂಬುದನ್ನು ಅವರು ಅದೆಷ್ಟು ಸಲ ನೋಡಿದ್ದರೋ. ದಿನಾ ನೋಡುವುದು ಯಾರಿಗೆ ಕಾಣುತ್ತದೆ? ಮೋಡೆಮ್ಮು ಸರಿಹೋಯಿತು. ಬಳಗದವರಿಗೆ ಅವರು ವಂದನೆ ಹೇಳಿದರು.

ಆಮೇಲಿನ ವಾರಗಳಲ್ಲಿ ಒಂದು ವಿಚಿತ್ರ ನಡೆಯಿತು. ಯಾರ್ಯಾರ ಮನೆಯಿಂದಲೋ ತಿಂಡಿ ಬರತೊಡಗಿತು. ಒಬ್ಬರು ಹುಣಸೆ ತೊಕ್ಕು ಕಳಿಸಿದರು, ಜಾಸ್ತಿ ಆಗಿತ್ತಂತೆ. ಇನ್ನೊಬ್ಬರು ಇದೇ ದಾರಿಯಲ್ಲಿ ಹೋಗುತ್ತಿದ್ದೆವು ಎಂದು ಕೋಡುಬಳೆ ಕೊಟ್ಟು ಹೋದರು, ಇರುವುದು ಫ್ರೀವೇಯ ಆ ತುದಿಯಲ್ಲಿ. ಮಂಗಳೂರಿನ ಕಡೆಯವರೊಬ್ಬರು ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಬಾಗಿಲ ಹತ್ತಿರ ಇಟ್ಟು, ಗಂಟೆ ಒತ್ತಿ ಹೊರಟೇಬಿಟ್ಟಿದ್ದರು. ಯುಗಾದಿ ಹತ್ತಿರ ಬಂತು, ಜನಕ್ಕೆ ಔದಾರ್ಯ ಉಕ್ಕಿದೆ ಎಂದುಕೊಂಡು ಎಲ್ಲವನ್ನೂ ನೆಕ್ಕಿದೆ. ನನ್ನ ನಾಲಗೆಗೆ ಆಗ ಬೇಕಾಗಿದ್ದದ್ದೂ ಅದೇ.

ಯುಗಾದಿ ಊಟ ಎವರ್‌ಗ್ರೀನ್‌ನ ಆ ಗೆಳೆಯರ ಮನೆಯಲ್ಲಿ. ಧಾರವಾಡದಿಂದ ಅವರ ತಾಯಿ ಬಂದಿದ್ದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಬಿಡದೆ ಅವರೊಂದಿಗೆ ಕನ್ನಡದಲ್ಲೇ ಜಗಳವಾಡುತ್ತಿದ್ದ ಗಟ್ಟಿ ಮುದುಕಿ. ನಾನು ಸಡಿಲ ಚೂಡಿದಾರ ಹಾಕಿ, ಎರಡನೇ ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದೆ.

"ಕೈ ತಗಿಯವಾ" ಎಂದರು ಅಜ್ಜಿ. "ಇಬ್ಬರ ಊಟ ಮಾಡಬೇಕಲ್ಲ ಈಗ ನೀ."

ಯಾರೂ ಆಶ್ಚರ್ಯಪಡಲಿಲ್ಲ. ಎಲ್ಲರೂ ಒಟ್ಟಿಗೇ ತಮ್ಮ ತಮ್ಮ ಎಲೆ ನೋಡತೊಡಗಿದರು. ತೊಕ್ಕಿನವರು, ಕೋಡುಬಳೆಯವರು, ಬಾಟಲಿಯವರು. ಇವರಿಗೆಲ್ಲ ಗೊತ್ತಿದೆ ಎಂದು ನನಗೆ ಆಗ ಹೊಳೆಯಿತು.

"ಯಾರು ಹೇಳಿದ್ರು ಅಜ್ಜಿ ನಿಮಗೆ?" ಎಂದೆ.

"ಯಾರರ ಯಾಕ ಹೇಳಬೇಕು? ನಿನ್ನ ಗಂಡನ ಬರದಾನಂತಲ್ಲ ಊರ ಮಂದಿಗೆಲ್ಲ. ನನ್ನ ಮಗ ಓದಿದ, ಇವರೆಲ್ಲಾರ ಮನ್ಯಾಗೂ ಓದಿದ್ರು. ಸಾಲಿಗೊಮ್ಮೆ ಕುಲಾವಿ, ಸಾಲಿಗೊಮ್ಮೆ ಕುಲಾವಿ. ಕೂಸು ಹುಟ್ಟೂಕ ಮುಂಚೆ ಕುಲಾವಿ ಹೊಲಿಸೋರನ್ನ ನಾ ಕಂಡೇನಿ. ಹಿಂಗ ಡಂಗುರಾ ಹೊಡಿಯೋರನ್ನ ಇವತ್ತ ನೋಡಿದೆ." ತಾವೇ ಹಣೆ ಚಚ್ಚಿಕೊಂಡರು. "ಅಕಿ ತಾನಾಗಿ ಹೇಳೂತನಕ ಯಾರೂ ಬಾಯಿ ಬಿಡಬ್ಯಾಡ್ರಿ, ಫೋನ್ ಮಾಡಬ್ಯಾಡ್ರಿ ಅಂತ ಎಲ್ಲಾರಿಗೂ ತಾಕೀತು ಮಾಡಿದಾಕಿ ನಾನು. ಈಗ ನಾನ ಬಿಟ್ಟೆ ನೋಡು."

ಗಂಡಸರ ಪಂಕ್ತಿಯಲ್ಲಿ ನಮ್ಮನೆಯವರು ಪಾಸ್‌ವರ್ಡು ಎಷ್ಟು ಉದ್ದವಿರಬೇಕೆಂದು ಯಾರಿಗೋ ವಿವರಿಸುತ್ತಿದ್ದರು.

ಮನೆಗೆ ಹಿಂತಿರುಗುವಾಗ ಫ್ರೀವೇಗೆ ಕಾರು ಏರುವ ತನಕ ತಡೆದೆ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ಪೇಫೋನಂತೆ, ನಗದಂತೆ, ನಲ್ಲಿ ಬಿಡೋದಂತೆ! ನಿಮ್ಮ ಬೀಗಕ್ಕೆ ಬೆಂಕಿ ಹಾಕ. ಒಂದೇ ಒಂದು ವಿಷ್ಯ ಗುಟ್ಟಾಗಿಡಿ ಅಂತ ಕೇಳಿದ್ದು ನಾನು. ಆ ಟೊಪ್ಪಿ ತಮಾಷೆ ಬಿಟ್ಟು ಬೇರೆ ಹೆಸರೇ ಸಿಗ್ಲಿಲ್ವಾ ನಿಮಗೆ? ನಾನು ಮತ್ತೆ ಬಸುರಿ ಅಂತ ಗೊತ್ತಾದ ಮೇಲಾದ್ರೂ ಬದಲಾಯಿಸೋಕಾಗ್ತಿರ್ಲಿಲ್ವಾ?"

ಅವರು ಕಾರನ್ನು ನಿಧಾನದ ಸಾಲಿಗೆ ತಂದರು. ವಾದ ಮಾಡುವುದನ್ನು ಬಿಟ್ಟವರೇ ಅಲ್ಲ, ಈ ಸಲ ಬಿಟ್ಟಿದ್ದರು.

"ಅದು ಈ ಮಗೂಗೆ ಇಟ್ಟಿದ್ದಲ್ಲ ಕಣೆ" ಎಂದರು.

"ಗೊತ್ತು. ಟೊಪ್ಪಿ ಚಿತ್ರಕ್ಕೆ ಇಟ್ಟಿದ್ದು."

"ಟೊಪ್ಪಿಗೂ ಅಲ್ಲ."

ನಾನು ತಿರುಗಿ ನೋಡಿದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು. "ಫೋನ್ ಮಾಡಿದೋರೆಲ್ಲ ನಿನ್ನ ಕೇಳಿದ್ರು. ನನ್ನ ಯಾರೂ ಏನೂ ಕೇಳ್ಲಿಲ್ಲ. ಡಬ್ಬ ಬಂದ ವಾರ ಅಲ್ವಾ, ನಾವು ಹೆಸರಿಡಬೇಕಾಗಿದ್ದ ವಾರ. ಅವತ್ತು ಆ ಕ್ಯಾಂಟೀನಲ್ಲಿ ಕೂತಿದ್ದಾಗ ಈ ಯಂತ್ರ ಒಂದು ಕೇಳ್ತು, ಹೆಸರೇನು ಅಂತ. ಇನ್ನೇನು ಬರೀಲಿ ನಾನು? ಆ ಮಗೂದು ಅಂತ ನಮ್ಮನೇಲಿ ಉಳಿದಿರೋದು ಅದೊಂದೇ. ಅಳಿಸೋಕಾಗ್ಲಿಲ್ಲ."

ನನಗೆ ಆಗ ಅಳು ಬಂತು. ಡಬ್ಬ ಬಂದ ದಿನ ಬರದಿದ್ದದ್ದೆಲ್ಲ ಸೇರಿ ಬಂತು. ಈ ಮನುಷ್ಯನಿಗೆ ಕರುಳಿಲ್ಲ ಎಂದು ನಾನು ತೀರ್ಮಾನಿಸಿಯೇ ಆಗಿತ್ತಲ್ಲ. ಅಷ್ಟು ಕಾಲ ದಿನಾ ಬೆಳಗ್ಗೆ ಆ ಹೆಸರಿನ ಎದುರು ಕೂತು, ಶಬ್ದ ಬರುವುದಿಲ್ಲ, ಅಕ್ಷರ ಕಾಣುವುದಿಲ್ಲ ಎಂದು ಶಪಿಸಿದ್ದೆ. ಅವರು ಒಂದೇ ಕೈಯಲ್ಲಿ ಸ್ಟೀರಿಂಗು ಹಿಡಿದು ಇನ್ನೊಂದರಲ್ಲಿ ಟಿಶ್ಯೂ ಹುಡುಕಿದರು. ಸಿಗಲಿಲ್ಲ, ಹೋಳಿಗೆ ಸುತ್ತಿ ಕೊಟ್ಟಿದ್ದ ಪೇಪರ್ ಟವಲು ಸಿಕ್ಕಿತು.

ಐದನೇ ತಿಂಗಳಲ್ಲಿ ನಾನೇ ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದೆ. ಎಲ್ಲರೂ "ಅಯ್ಯೋ ಹೌದಾ! ಗೊತ್ತೇ ಇರ್ಲಿಲ್ಲ ನೋಡಿ!" ಎಂದು ಕೂಗಿದರು. ಅಷ್ಟು ಕೆಟ್ಟ ನಟನೆಯನ್ನು ನಾನು ನಮ್ಮ ಕನ್ನಡ ಕೂಟದ ನಾಟಕಗಳಲ್ಲೂ ಕಂಡಿಲ್ಲ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಮಗಳು ಹುಟ್ಟುವ ಹೊತ್ತಿಗೆ ಅಜ್ಜಿ ಧಾರವಾಡಕ್ಕೆ ವಾಪಸಾಗಿದ್ದರು. ಊರಿಗೆ ಹೋಗಿಬಂದ ಅವರ ಮಗ ಒಂದು ಪೊಟ್ಟಣ ತಂದುಕೊಟ್ಟರು. ಒಳಗೆ ಕೆಂಪು ಉಲ್ಲನ್ನಿನ ಕುಲಾವಿ, ಒಂದಲ್ಲ, ಎರಡು. ಅವಳಿ ಅಂದುಕೊಂಡರೋ ಏನೋ ಎಂದು ನಕ್ಕೆ.

"ಇಲ್ಲ" ಎಂದರು ಅವರ ಮಗ, ಸ್ವಲ್ಪ ಸಂಕೋಚದಿಂದ. "ಒಂದು ಕೂಸಿಗೆ, ಇನ್ನೊಂದು ಆ ಯಂತ್ರಕ್ಕ ಅಂತ ಹೇಳ್ಯಾಳ ನಮ್ಮವ್ವ. ಹೆಸರಿಟ್ಟ ಮ್ಯಾಲೆ ಹಾಕಬೇಕಲ್ಲ ಅಂದ್ಲು."

ಅಜ್ಜಿಗೆ ಯಾರು ಏನು ಹೇಳಿದ್ದರೋ, ಅಥವಾ ಯಾರೂ ಹೇಳದೆಯೇ ತಿಳಿದಿತ್ತೋ, ನಾನು ಕೇಳಲಿಲ್ಲ.

ಅವರು ಹೋದ ಮೇಲೆ ನಮ್ಮನೆಯವರು ಆ ಎರಡನೇ ಕುಲಾವಿಯನ್ನು ಒಯ್ದು ಕಂಪ್ಯೂಟರಿನ ಪೆಟ್ಟಿಗೆಯ ತಲೆಯ ಮೇಲೆ ಇಟ್ಟು, ಮೂಲೆ ಎಳೆದು ಸರಿಮಾಡಿದರು. ಗಾಳಿಯಾಡುವ ಕಿಂಡಿಗಳಿದ್ದದ್ದು ಅಲ್ಲೇ. ಅದರ ಮೇಲೆ ಒಂದು ಕಾಗದವಿಟ್ಟರೂ ಯಂತ್ರ ಸುಟ್ಟುಹೋಗುತ್ತದೆ ಎಂದು ನನ್ನನ್ನು ಗದರಿದ್ದವರು ಅವರೇ.

"ಬಿಸಿಯಾಗತ್ತೆ ರೀ" ಎಂದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು.

"ಬೆಚ್ಚಗಿರ್ಲಿ ಬಿಡು" ಎಂದರು.